ಉತ್ತರ ತೋರಿಸುವ ಮುನ್ನ: ಹಾರ್ವರ್ಡ್‌ನ ಒಂದು ಭೌತಶಾಸ್ತ್ರ ತರಗತಿ, ನಮ್ಮ ಸ್ಮಾರ್ಟ್ ಕ್ಲಾಸ್

ಎರಿಕ್ ಮಜೂರ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಶುರುಮಾಡಿದ್ದು 1984ರಲ್ಲಿ. ನೆದರ್ಲೆಂಡ್ಸ್‌ನಿಂದ ಬಂದ ಭೌತವಿಜ್ಞಾನಿ, ಸಂಶೋಧನೆಯೆಲ್ಲ ಲೇಸರ್ ಸುತ್ತಮುತ್ತ. ಅವರ ಪಾಲಿಗೆ ಬಂದದ್ದು ಮುಂದೆ ವೈದ್ಯಕೀಯಕ್ಕೆ ಹೋಗಲಿರುವ ವಿದ್ಯಾರ್ಥಿಗಳ ಆರಂಭಿಕ ಭೌತಶಾಸ್ತ್ರ. ಇಂಥ ತರಗತಿ ಹೇಗಿರುತ್ತದೆಂದು ಪಾಠ ಮಾಡುವವರಿಗೆಲ್ಲ ಗೊತ್ತು. ವಿಷಯದ ಮೇಲೆ ಒಲವಿಲ್ಲ, ಕಡ್ಡಾಯ ಅಂತ ಬಂದು ಕೂತಿರುತ್ತಾರೆ. ಆದರೂ ವರ್ಷದ ಕೊನೆಗೆ ವಿದ್ಯಾರ್ಥಿಗಳು ಮಜೂರ್ ಬಗ್ಗೆ ಒಳ್ಳೆಯ ಅಭಿಪ್ರಾಯವನ್ನೇ ಬರೆದುಕೊಡುತ್ತಿದ್ದರು, ಪರೀಕ್ಷೆಯಲ್ಲಿ ಕಷ್ಟದ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ತಾನು ಒಳ್ಳೆಯ ಮೇಷ್ಟ್ರು ಎಂದು ಮಜೂರ್ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

1990ರಲ್ಲಿ ಅವರ ಕಣ್ಣಿಗೆ ಬಿದ್ದದ್ದು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಇಬ್ರಾಹಿಂ ಹಲೂನ್ ಮತ್ತು ಡೇವಿಡ್ ಹೆಸ್ಟೆನ್ಸ್ 1985ರಲ್ಲಿ ಪ್ರಕಟಿಸಿದ್ದ ಲೇಖನಗಳು. ಒಂದಿಡೀ ಸೆಮಿಸ್ಟರ್ ನ್ಯೂಟನ್ ನಿಯಮಗಳನ್ನು ಕಲಿತ ಮೇಲೂ ವಿದ್ಯಾರ್ಥಿಗಳ ತಲೆಯಲ್ಲಿ ಚಲನೆಯ ಬಗ್ಗೆ ಇದ್ದ ಹಳೆಯ ನಂಬಿಕೆಗಳು ಹಾಗೇ ಉಳಿದಿರುತ್ತವೆ ಎಂಬುದು ಅವುಗಳ ಸಾರ. ಸೂತ್ರ, ಲೆಕ್ಕ ಏನೂ ಇಲ್ಲದ ಸಾದಾ ಪ್ರಶ್ನೆಗಳಿಂದ ಅದನ್ನು ಅಳೆದಿದ್ದರು. ಭಾರದ ಲಾರಿಯೊಂದು ಸಣ್ಣ ಕಾರಿಗೆ ಗುದ್ದಿದರೆ ಯಾವುದರ ಮೇಲೆ ಹೆಚ್ಚು ಬಲ ಬೀಳುತ್ತದೆ, ಇಂಥವು. ಮೂರನೇ ನಿಯಮವನ್ನು ಬಾಯಿಪಾಠ ಒಪ್ಪಿಸುವ ನಮ್ಮ ಒಂಬತ್ತನೇ ತರಗತಿಯ ಹುಡುಗನೂ ಇದಕ್ಕೆ ‘ಕಾರಿನ ಮೇಲೆ’ ಎಂದೇ ಹೇಳುತ್ತಾನೆ. ಎರಡರ ಮೇಲೂ ಒಂದೇ ಪ್ರಮಾಣದ ಬಲ ಎಂದರೆ ನಗುತ್ತಾನೆ. ನಜ್ಜುಗುಜ್ಜಾದದ್ದು ಕಾರು ತಾನೇ!

ಹಾರ್ವರ್ಡ್ ಮಕ್ಕಳಿಗೆ ಇದೆಲ್ಲ ಯಾವ ಲೆಕ್ಕ ಅಂದುಕೊಂಡು ಮಜೂರ್ ಅದೇ ಪರೀಕ್ಷೆ ಕೊಟ್ಟರು. ಆಗ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದ ಪ್ರಶ್ನೆಯನ್ನು ಅವರು ಮುಂದೆ ನೂರಾರು ವೇದಿಕೆಗಳಲ್ಲಿ ಹೇಳಿದ್ದಾರೆ: ‘ಪ್ರೊಫೆಸರ್, ಇವಕ್ಕೆ ಹೇಗೆ ಉತ್ತರ ಬರೆಯಲಿ? ನೀವು ಕಲಿಸಿದ ಹಾಗೋ, ನಾನು ಮಾಮೂಲಾಗಿ ಯೋಚಿಸುವ ಹಾಗೋ?’ ಅಂಕಗಳು ಬಂದಾಗ ಆ ಪ್ರಶ್ನೆ ಅವಳೊಬ್ಬಳದಲ್ಲ ಎಂಬುದು ಗೊತ್ತಾಯಿತು.

ಒಂದು ಸ್ವಿಚ್, ಮೂರು ಬಲ್ಬ್

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಮಜೂರ್ ಕೊಟ್ಟ ಇನ್ನೊಂದು ಪರೀಕ್ಷೆ. ಅದು ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಅಧ್ಯಾಯಕ್ಕೆ ನೇರವಾಗಿ ಕೂರುತ್ತದೆ. ಒಂದೇ ಪ್ರಶ್ನೆಪತ್ರಿಕೆಯಲ್ಲಿ ವಿದ್ಯುತ್ ಮಂಡಲದ ಎರಡು ಪ್ರಶ್ನೆ. ಒಂದರಲ್ಲಿ ಎರಡು ಬ್ಯಾಟರಿ, ಹಲವು ರೋಧಕ, ಎರಡು ಸುತ್ತು. ಇಂಥ ರೋಧಕದಲ್ಲಿ ಪ್ರವಾಹ ಎಷ್ಟು, ಇಂಥ ಎರಡು ಬಿಂದುಗಳ ನಡುವೆ ವಿಭವಾಂತರ ಎಷ್ಟು ಎಂದು ಲೆಕ್ಕ ಹಾಕಬೇಕು. ಕಿರ್ಚಾಫ್ ನಿಯಮ ಹಚ್ಚಿ, ಸಮೀಕರಣ ಬರೆದು, ಬೆವರು ಸುರಿಸಿ ಬಿಡಿಸುವಂಥದ್ದು.

ಇನ್ನೊಂದರಲ್ಲಿ ಒಂದೂ ಅಂಕಿಯಿಲ್ಲ. ಒಂದು ಬ್ಯಾಟರಿಗೆ ಒಂದೇ ಥರದ ಮೂರು ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಿದೆ. ಎ, ಬಿ, ಸಿ ಎಂದುಕೊಳ್ಳಿ. ಸಿ ಬಲ್ಬಿನ ಎರಡು ತುದಿಗಳಿಗೆ ಅಡ್ಡಲಾಗಿ ಒಂದು ಸ್ವಿಚ್ ಇದೆ. ಆ ಸ್ವಿಚ್ ಹಾಕಿದರೆ ಎ ಮತ್ತು ಬಿ ಹೆಚ್ಚು ಬೆಳಗುತ್ತವೆಯೋ, ಮಂಕಾಗುತ್ತವೆಯೋ, ಹಾಗೇ ಇರುತ್ತವೆಯೋ? ಸಿ ಏನಾಗುತ್ತದೆ? ಬ್ಯಾಟರಿಯಿಂದ ಹರಿಯುವ ಪ್ರವಾಹ ಏನಾಗುತ್ತದೆ?

ಸ್ವಿಚ್ ಹಾಕಿದ ತಕ್ಷಣ ಸಿ ಬಲ್ಬಿಗೆ ರೋಧವೇ ಇಲ್ಲದ ಪಕ್ಕದ ದಾರಿಯೊಂದು ಸಿಕ್ಕಂತಾಯಿತು. ಪ್ರವಾಹ ಆ ದಾರಿ ಹಿಡಿಯುತ್ತದೆ, ಸಿ ಆರಿಹೋಗುತ್ತದೆ. ಮಂಡಲದಲ್ಲಿ ಉಳಿದದ್ದು ಎರಡೇ ಬಲ್ಬು, ಒಟ್ಟು ರೋಧ ಕಡಿಮೆ, ಪ್ರವಾಹ ಹೆಚ್ಚು, ಎ ಮತ್ತು ಬಿ ಇನ್ನಷ್ಟು ಪ್ರಕಾಶಮಾನ. ವಿಷಯ ಇಷ್ಟೇ. ಆದರೆ ಮೊದಲ ಪ್ರಶ್ನೆಯನ್ನು ಸಲೀಸಾಗಿ ಬಿಡಿಸಿದವರಲ್ಲೇ ಎಷ್ಟೋ ಮಂದಿ ಇಲ್ಲಿ ಎಡವಿದರು. ತರಗತಿಯ ಸರಾಸರಿ ಅಂಕವೂ ಲೆಕ್ಕದ ಪ್ರಶ್ನೆಗಿಂತ ಈ ಪ್ರಶ್ನೆಯಲ್ಲೇ ಕಡಿಮೆ. ವಿಧಾನ ಕೈಗೆ ಹತ್ತಿತ್ತು, ಪ್ರವಾಹ ಎಂದರೇನು ಎಂಬುದು ಹತ್ತಿರಲಿಲ್ಲ.

ಎಡವುವುದು ಎಲ್ಲಿ ಎಂಬುದೂ ಸಂಶೋಧಕರಿಗೆ ಗೊತ್ತಿರುವ ವಿಷಯ. ಬ್ಯಾಟರಿ ಯಾವಾಗಲೂ ಒಂದೇ ಪ್ರಮಾಣದ ಪ್ರವಾಹ ಕೊಡುತ್ತದೆ ಎಂಬುದು ಒಂದು ನಂಬಿಕೆ. ಪ್ರವಾಹ ಮೊದಲ ಬಲ್ಬಿನಲ್ಲಿ ಸ್ವಲ್ಪ ಖರ್ಚಾಗಿ ಉಳಿದದ್ದು ಮುಂದಿನದಕ್ಕೆ ಹೋಗುತ್ತದೆ ಎಂಬುದು ಇನ್ನೊಂದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಲಿಯನ್ ಮೆಕ್‌ಡರ್ಮಟ್ ಮತ್ತು ಪೀಟರ್ ಶಾಫರ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಬಲ್ಬ್‌ಗಳನ್ನು ಪ್ರಕಾಶದ ಕ್ರಮದಲ್ಲಿ ಜೋಡಿಸಿ ಎಂದು ಕೇಳಿದಾಗ, ಪಾಠ ಆದ ಮೇಲೂ ಸರಿಯಾಗಿ ಹೇಳಿದವರು ಸುಮಾರು 15% ಮಾತ್ರ. ಅವರೆಲ್ಲ ಕಾಲೇಜು ವಿದ್ಯಾರ್ಥಿಗಳು. ನಮ್ಮ ಹತ್ತನೇ ತರಗತಿಯ ಮಕ್ಕಳನ್ನು ಬೈಯುವ ಮುಂಚೆ ಇದು ನೆನಪಿರಲಿ.

ತರಗತಿಯೊಳಗಿನ ಬದಲಾವಣೆ

ಮಜೂರ್ ಮೊದಲು ಮಾಡಿದ್ದು ಎಲ್ಲ ಮೇಷ್ಟ್ರುಗಳೂ ಮಾಡುವುದನ್ನೇ. ಅದೇ ಪ್ರಶ್ನೆಯನ್ನು ಬೋರ್ಡಿನ ಮೇಲೆ ಇನ್ನೊಮ್ಮೆ ವಿವರಿಸಿದರು. ಮುಖಗಳು ಅರಳಲಿಲ್ಲ. ಬೇರೆ ದಾರಿಯಿಂದ ಮತ್ತೊಮ್ಮೆ ವಿವರಿಸಿದರು. ಗೊಂದಲ ಇನ್ನಷ್ಟು ಹೆಚ್ಚಿತು. ಕೊನೆಗೆ ಏನೂ ತೋಚದೆ, ಪಕ್ಕದವರ ಜೊತೆ ಚರ್ಚೆ ಮಾಡಿ ಎಂದುಬಿಟ್ಟರು. ಇಡೀ ಸಭಾಂಗಣ ಗದ್ದಲದಲ್ಲಿ ಮುಳುಗಿತು. ಕೆಲವೇ ನಿಮಿಷಗಳಲ್ಲಿ ವಿದ್ಯಾರ್ಥಿಗಳು ತಾವಾಗಿಯೇ ಉತ್ತರಕ್ಕೆ ಬಂದು ನಿಂತಿದ್ದರು. ವಿಷಯ ಈಗಷ್ಟೇ ಅರ್ಥವಾದವನಿಗೆ ಪಕ್ಕದವನು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆಂದು ಗೊತ್ತಿರುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಕಲಿತ ಪ್ರೊಫೆಸರಿಗೆ ಅದು ಮರೆತೇ ಹೋಗಿರುತ್ತದೆ ಎಂಬುದು ಮಜೂರ್ ಕಂಡುಕೊಂಡ ಕಾರಣ.

1991ರಿಂದ ಇದನ್ನೇ ಅವರು ಪದ್ಧತಿಯಾಗಿ ಕಟ್ಟಿದರು. ನಾವು ಸಹಪಾಠಿ ಬೋಧನೆ ಎನ್ನಬಹುದು. ವಿದ್ಯಾರ್ಥಿಗಳು ಪಾಠವನ್ನು ಮುಂಚೆಯೇ ಓದಿಕೊಂಡು ಬರಬೇಕು. ತರಗತಿಯಲ್ಲಿ ಏಳೆಂಟು ನಿಮಿಷ ವಿವರಣೆ, ಆಮೇಲೆ ಪರದೆಯ ಮೇಲೆ ಬಹು ಆಯ್ಕೆಯ ಒಂದು ಪ್ರಶ್ನೆ. ಒಂದೆರಡು ನಿಮಿಷ ಪಿಟ್ಟೆನ್ನದೆ ಪ್ರತಿಯೊಬ್ಬರೂ ಯೋಚಿಸಿ ಮತ ಹಾಕಬೇಕು. ಸರಿ ಉತ್ತರ ಕೊಟ್ಟವರು ಸುಮಾರು 30ರಿಂದ 70% ಇದ್ದರೆ ಚರ್ಚೆ, ಆಮೇಲೆ ಎರಡನೇ ಮತ, ಕೊನೆಗಷ್ಟೇ ವಿವರಣೆ. ಸರಿ ಉತ್ತರ ತೀರಾ ಕಡಿಮೆಯಿದ್ದರೆ ಪಾಠವನ್ನೇ ಮತ್ತೆ ಮಾಡಬೇಕು, ಏಕೆಂದರೆ ಗೊತ್ತಿಲ್ಲದವರು ಗೊತ್ತಿಲ್ಲದವರ ಜೊತೆ ಮಾತಾಡಿ ಪ್ರಯೋಜನವಿಲ್ಲ. ತೀರಾ ಹೆಚ್ಚಿದ್ದರೆ ಎರಡು ಮಾತು ಹೇಳಿ ಮುಂದೆ ಹೋಗಬೇಕು.

ಫಲಿತಾಂಶವನ್ನು ಕ್ಯಾಥರೀನ್ ಕ್ರೌಚ್ ಮತ್ತು ಮಜೂರ್ 2001ರಲ್ಲಿ ಹತ್ತು ವರ್ಷಗಳ ವರದಿಯಾಗಿ ಪ್ರಕಟಿಸಿದರು. ಅವರು ಬಳಸಿದ ಅಳತೆ ಸರಳ: ಪಾಠಕ್ಕೆ ಮುಂಚೆ ಗೊತ್ತಿಲ್ಲದಿದ್ದುದರಲ್ಲಿ ಎಷ್ಟು ಪಾಲು ಪಾಠದ ನಂತರ ಗೊತ್ತಾಯಿತು? ಮೊದಲು ನೂರಕ್ಕೆ 60 ಇದ್ದದ್ದು 70 ಆದರೆ, ಉಳಿದಿದ್ದ 40ರಲ್ಲಿ 10 ಸಿಕ್ಕಿತು, ಅಂದರೆ 0.25. ಮಜೂರ್ 1990ರಲ್ಲಿ ಹಳೆಯ ಪದ್ಧತಿಯಲ್ಲಿ ಪಾಠ ಮಾಡಿದಾಗ ಸಿಕ್ಕಿದ್ದು ಇದೇ 0.25. 1991ರಲ್ಲಿ 0.49. ಪ್ರಶ್ನೆಗಳನ್ನು ತಿದ್ದಿ ತೀಡುತ್ತಾ ಹೋದಂತೆ 1997ಕ್ಕೆ 0.74. ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸ್‌ಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಿಗಳನ್ನು ಒಟ್ಟು ಹಾಕಿದಾಗಲೂ ಚಿತ್ರ ಇದೇ: ಬರೀ ಉಪನ್ಯಾಸದ ತರಗತಿಗಳಲ್ಲಿ ಸರಾಸರಿ 0.23, ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡ ತರಗತಿಗಳಲ್ಲಿ 0.48.

‘ಇದನ್ನೆಲ್ಲ ಮಾಡ್ತಾ ಕೂತ್ರೆ ಪೋರ್ಷನ್ ಯಾವಾಗ ಮುಗಿಸೋದು, ಅಂಕ ಎಲ್ಲಿಂದ ಬರುತ್ತೆ?’ ಸ್ಟಾಫ್ ರೂಮಿನಲ್ಲಿ ಮೊದಲು ಬರುವ ಮಾತು ಇದು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡದಲ್ಲಿರುವವರು ಕೇಳಲೇಬೇಕಾದ ಮಾತೂ ಹೌದು. ಮಜೂರ್‌ಗೂ ಅದೇ ಅಳುಕಿತ್ತು. ಅದಕ್ಕೇ 1985ರ ಅಂತಿಮ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನೇ, ಒಂದಕ್ಷರ ಬದಲಿಸದೆ, 1991ರ ತರಗತಿಗೆ ಕೊಟ್ಟರು. ಅದು ಪೂರ್ತಿ ಲೆಕ್ಕದ ಪರೀಕ್ಷೆ. ತರಗತಿಯಲ್ಲಿ ಲೆಕ್ಕ ಬಿಡಿಸಲು ಕೊಟ್ಟ ಸಮಯ ಕಡಿಮೆಯಾಗಿತ್ತು, ಆದರೂ ಸರಾಸರಿ 63ರಿಂದ 69ಕ್ಕೆ ಏರಿತ್ತು.

ಕೈ ಎತ್ತುವುದರಿಂದ ಫೋನಿನವರೆಗೆ

ಇಲ್ಲಿಯವರೆಗೆ ಡಿಜಿಟಲ್ ಸಾಧನದ ಮಾತೇ ಬರಲಿಲ್ಲವಲ್ಲ ಎನಿಸಿದರೆ, ಅದು ಪ್ರಕರಣದ ಗುಣವೇ ಹೊರತು ನನ್ನ ಮರೆವಲ್ಲ. ಮೊದಲು ಮತ ಹಾಕಿದ್ದು ಕೈ ಎತ್ತಿ. ಆಮೇಲೆ ಅಕ್ಷರ ಬರೆದ ಕಾರ್ಡು. ಅದಾದ ಮೇಲೆ ನಾಲ್ಕೈದು ಮಂದಿ ಹಂಚಿಕೊಳ್ಳುವ ಕೈಯಂತ್ರಗಳನ್ನು ತಂತಿಯಲ್ಲಿ ಜೋಡಿಸಿದ ಕ್ಲಾಸ್‌ಟಾಕ್ ವ್ಯವಸ್ಥೆ, ಆಮೇಲೆ ರಿಮೋಟ್‌ನಂಥ ಕ್ಲಿಕ್ಕರ್. 2011ರಲ್ಲಿ ಮಜೂರ್, ಗ್ಯಾರಿ ಕಿಂಗ್ ಮತ್ತು ಬ್ರಯನ್ ಲೂಕಾಫ್ ಸೇರಿ ಲರ್ನಿಂಗ್ ಕ್ಯಾಟಲಿಟಿಕ್ಸ್ ಎಂಬ ವೆಬ್ ವ್ಯವಸ್ಥೆ ಕಟ್ಟಿದರು. ಅದರಲ್ಲಿ ಬಹು ಆಯ್ಕೆಯ ಕಟ್ಟುಪಾಡೂ ಇರಲಿಲ್ಲ; ವಿದ್ಯಾರ್ಥಿ ತನ್ನ ಫೋನಿನಲ್ಲಿ ಚಿತ್ರ ಬರೆದು, ಬಾಣ ಎಳೆದು ಉತ್ತರಿಸಬಹುದಿತ್ತು. ಬೇರೆ ಬೇರೆ ಉತ್ತರ ಕೊಟ್ಟ ಅಕ್ಕಪಕ್ಕದವರನ್ನು ಹುಡುಕಿ, ‘ನಿಮ್ಮ ಎಡಗಡೆ ಕೂತವರ ಜೊತೆ ಮಾತಾಡಿ’ ಎಂದು ಫೋನೇ ಹೇಳುತ್ತಿತ್ತು. 2013ರಲ್ಲಿ ಪಿಯರ್ಸನ್ ಕಂಪನಿ ಅದನ್ನು ಕೊಂಡುಕೊಂಡಿತು. ಈಗ ಎಲ್ಲರ ಬಾಯಲ್ಲಿರುವ ಕಹೂಟ್, ಮೆಂಟಿಮೀಟರ್, ನಿಯರ್‌ಪಾಡ್ ಆ್ಯಪ್‌ಗಳೆಲ್ಲವೂ ಹೆಚ್ಚುಕಡಿಮೆ ಇದೇ ದಾರಿಯವು. ಕಹೂಟ್‌ನಲ್ಲಿ ಬೇಗ ಒತ್ತಿದವರಿಗೆ ಹೆಚ್ಚು ಅಂಕ ಎಂಬ ಆಟ ಸೇರಿದೆ. ಯೋಚನೆಗೆ ಸಮಯ ಬೇಕಾದ ಪ್ರಶ್ನೆಗೆ ಅದು ಒಗ್ಗದು. ಪುನರಾವರ್ತನೆಗೆ, ಶನಿವಾರದ ಬೆಳಗಿನ ತರಗತಿಗೆ ಚೆನ್ನ.

ಸಾಧನ ಬದಲಾದಂತೆ ಕಲಿಕೆಯೂ ಏರಿತೇ? ಮಾಂಟ್ರಿಯಲ್‌ನ ಜಾನ್ ಅಬಟ್ ಕಾಲೇಜಿನ ನಥಾನಿಯಲ್ ಲಸ್ರಿ ಇದನ್ನು ನೇರವಾಗಿ ಪರೀಕ್ಷಿಸಿ 2008ರಲ್ಲಿ ಬರೆದರು. ಒಂದು ಸೆಕ್ಷನ್‌ಗೆ ಕ್ಲಿಕ್ಕರ್, ಇನ್ನೊಂದಕ್ಕೆ ಕಾಗದದ ಕಾರ್ಡು, ಪದ್ಧತಿ ಎರಡರಲ್ಲೂ ಒಂದೇ. ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕ್ಲಿಕ್ಕರಿನ ಲಾಭವೆಲ್ಲ ಮೇಷ್ಟ್ರ ಕಡೆಗೆ: ಎಣಿಕೆ ಕ್ಷಣದಲ್ಲಿ ಮುಗಿಯುತ್ತದೆ, ಯಾರು ಎಲ್ಲಿ ತಪ್ಪಿದರೆಂಬ ದಾಖಲೆ ಉಳಿಯುತ್ತದೆ. ಲಕ್ಷಗಟ್ಟಲೆ ಬೆಲೆಯ ಪ್ಯಾನಲ್ ಮಾರಲು ಬರುವವರ ಮುಂದೆ ಈ ಅಧ್ಯಯನವನ್ನು ಪ್ರಸ್ತಾಪಿಸಿದರೆ ಮಾತು ಬೇರೆ ಕಡೆ ತಿರುಗುತ್ತದೆ.

ಪರದೆಯ ಮೇಲೆ ಪ್ರಯೋಗ ತೋರಿಸುವುದರ ಬಗ್ಗೆಯೂ ಹಾರ್ವರ್ಡ್ ಗುಂಪು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿ ಅದೇ. ತರಗತಿಯಲ್ಲಿ ಪ್ರಾತ್ಯಕ್ಷಿಕೆಯನ್ನು ಕೆಲವರು ನೋಡಲೇ ಇಲ್ಲ. ಕೆಲವರು ನೋಡಿದರು, ಅಷ್ಟೆ. ಕೆಲವರು ಏನಾಗಬಹುದೆಂದು ಮೊದಲು ಊಹಿಸಿ ಆಮೇಲೆ ನೋಡಿದರು. ಇನ್ನು ಕೆಲವರು ಊಹಿಸಿ, ನೋಡಿ, ಚರ್ಚಿಸಿದರು. ಸೆಮಿಸ್ಟರಿನ ಕೊನೆಗೆ ಅದೇ ಸನ್ನಿವೇಶಕ್ಕೆ ಸರಿಯಾದ ವಿವರಣೆ ಕೊಟ್ಟವರು ಕ್ರಮವಾಗಿ 22%, 24%, 30%, 32%. ನೋಡದವರಿಗೂ ನೋಡಿದವರಿಗೂ ಅಂತರ ಇಲ್ಲವೆನ್ನುವಷ್ಟು ಕಡಿಮೆ. ಊಹಿಸಲು ಬಿಟ್ಟದ್ದಕ್ಕೆ ತಗುಲಿದ ಹೆಚ್ಚುವರಿ ಸಮಯ ಸುಮಾರು ಎರಡು ನಿಮಿಷ. ಅರ್ಧ ಗಂಟೆ ವಿಡಿಯೋ ಹಾಕಿ ಮಕ್ಕಳನ್ನು ಸುಮ್ಮನೆ ಕೂರಿಸುವ ನಮ್ಮ ಎಷ್ಟೋ ಸ್ಮಾರ್ಟ್ ಕ್ಲಾಸ್‌ಗಳು ಆ 24%ನ ಸಾಲಿನಲ್ಲಿವೆ.

ಎಲ್ಲವೂ ಹೂವಿನ ದಾರಿಯಲ್ಲ. ಈ ಪದ್ಧತಿಯಿಂದ ಹುಡುಗ ಹುಡುಗಿಯರ ನಡುವಿನ ಅಂಕದ ಅಂತರ ಕಡಿಮೆಯಾಯಿತೆಂದು ಹಾರ್ವರ್ಡ್ ಗುಂಪು 2006ರಲ್ಲಿ ವರದಿ ಮಾಡಿತು. ಮರುವರ್ಷ ಕೊಲರಾಡೋದವರು ತಮ್ಮಲ್ಲಿ ಹಾಗಾಗಲಿಲ್ಲ ಎಂದರು. ಇನ್ನೊಂದು ತೊಡಕು ವಿದ್ಯಾರ್ಥಿಗಳ ಮನಸ್ಸಿನದು. ಹಾರ್ವರ್ಡ್‌ನಲ್ಲೇ ಲೂಯಿ ಡಿಲೋರಿಯೆ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದಂತೆ, ಇಂಥ ತರಗತಿಯಲ್ಲಿ ಕೂತವರು ನಿಜಕ್ಕೂ ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವು ಎಂದೇ ಅವರಿಗೆ ಅನಿಸಿತ್ತು. ನುಣುಪಾದ ಉಪನ್ಯಾಸ ಕೇಳಿದಾಗ ಎಲ್ಲ ಅರ್ಥವಾದಂತೆ ಅನಿಸುತ್ತದೆ. ತಾನೇ ತಡಕಾಡಿದಾಗ ಅನಿಸುವುದಿಲ್ಲ. ‘ಮೇಷ್ಟ್ರು ಪಾಠಾನೇ ಮಾಡಲ್ಲ, ನಮ್ಮನ್ನೇ ಮಾತಾಡಿಸ್ತಾರೆ’ ಎಂಬ ದೂರು ಪೋಷಕರ ಸಭೆಗೆ ಬಂದರೆ ಅಚ್ಚರಿ ಬೇಡ. ಹೀಗೇಕೆ ಮಾಡುತ್ತಿದ್ದೇನೆಂದು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡುವುದು ಒಳ್ಳೆಯದು.

ನಮ್ಮ ಕೋಣೆಗೆ ತಂದರೆ

ಸರ್ಕಾರಿ ಪ್ರೌಢಶಾಲೆಯ ಕನ್ನಡ ಮಾಧ್ಯಮದ ಹತ್ತನೇ ತರಗತಿ ಎಂದುಕೊಳ್ಳೋಣ. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಅಥವಾ ಕುಂಕುಮ ಹಚ್ಚಿ ಪೂಜೆ ಮಾಡಿಸಿಕೊಂಡ ಪ್ಯಾನಲ್, ಮೇಷ್ಟ್ರ ಫೋನು. ಮಕ್ಕಳ ಕೈಯಲ್ಲಿ ಫೋನಿಲ್ಲ, ಇರಲೂಬಾರದು. ಮೆಂಟಿಮೀಟರ್‌ಗೆ ಇಲ್ಲಿ ಜಾಗವಿಲ್ಲ. ಪ್ಲಿಕರ್ಸ್ ಎಂಬ ಆ್ಯಪ್‌ಗೆ ಇದೆ. ಒಬ್ಬೊಬ್ಬರಿಗೆ ಒಂದೊಂದು ಕಾಗದದ ಕಾರ್ಡು, ಅದರ ಮೇಲೆ ಕಪ್ಪು ಚೌಕದ ಗುರುತು, ಪ್ರತಿಯೊಂದೂ ಬೇರೆ. ಕಾರ್ಡಿನ ಯಾವ ಬದಿ ಮೇಲೆ ಬಂದಿದೆ ಎಂಬುದೇ ಉತ್ತರ. ಬದಿಯ ಅಕ್ಷರಗಳನ್ನು ಸಣ್ಣದಾಗಿ ಮುದ್ರಿಸಿರುವುದರಿಂದ ಪಕ್ಕದವರದು ನೋಡಿ ಹಿಡಿಯುವುದು ಕಷ್ಟ. ಮೇಷ್ಟ್ರು ಫೋನ್ ಕ್ಯಾಮೆರಾವನ್ನು ಬೆಂಚುಗಳ ಮೇಲೆ ಒಮ್ಮೆ ಹಾಯಿಸಿದರೆ ಎಲ್ಲರ ಉತ್ತರ ಎಣಿಕೆಯಾಗುತ್ತದೆ. ಸಾಮಾನ್ಯ ಸೆಟ್ಟಿನಲ್ಲಿ 40 ಕಾರ್ಡು. ಹೊಳಪಿನ ಲ್ಯಾಮಿನೇಶನ್ ಮಾಡಿಸಬೇಡಿ, ಕಿಟಕಿಯ ಬೆಳಕು ಬಿದ್ದರೆ ಕ್ಯಾಮೆರಾಗೆ ಗುರುತು ಸಿಗುವುದಿಲ್ಲ. ದಪ್ಪ ಹಾಳೆಗೆ ಅಂಟಿಸಿದರೆ ಸಾಕು.

ಪ್ರಶ್ನೆ ಮೂರು ಬಲ್ಬಿನದೇ. ಸ್ವಿಚ್ ಹಾಕಿದರೆ ಎ ಮತ್ತು ಬಿ ಏನಾಗುತ್ತವೆ: ಪ್ರಕಾಶ ಹೆಚ್ಚುತ್ತದೆ, ಕಡಿಮೆಯಾಗುತ್ತದೆ, ಹಾಗೇ ಇರುತ್ತದೆ, ಎರಡೂ ಆರುತ್ತವೆ. ಕೊನೆಯ ಆಯ್ಕೆ ಸುಮ್ಮನೆ ಹಾಕಿದ್ದಲ್ಲ. ಸರಣಿಯಲ್ಲಿ ಒಂದು ಬಲ್ಬ್ ಹೋದರೆ ಎಲ್ಲವೂ ಹೋಗುತ್ತವೆ ಎಂದು ಸೀರಿಯಲ್ ಸೆಟ್ ಕಟ್ಟಿದ ಮಕ್ಕಳಿಗೆ ಗೊತ್ತು. ಬಲ್ಬ್ ಸುಟ್ಟುಹೋಗುವುದಕ್ಕೂ ಅದರ ಪಕ್ಕಕ್ಕೆ ತಂತಿ ಕೊಡುವುದಕ್ಕೂ ಇರುವ ವ್ಯತ್ಯಾಸ ಹೊರಬರುವುದು ಆ ಆಯ್ಕೆಯಿಂದಲೇ. ಪ್ರತಿ ತಪ್ಪು ಆಯ್ಕೆಯ ಹಿಂದೆ ಒಬ್ಬ ನಿಜವಾದ ವಿದ್ಯಾರ್ಥಿಯ ತರ್ಕ ಇರಬೇಕು. ಹಾಗಿಲ್ಲದ ಪ್ರಶ್ನೆಗೆ ಎಂಥ ಸಾಫ್ಟ್‌ವೇರ್ ಹಚ್ಚಿದರೂ ಚರ್ಚೆ ಹುಟ್ಟುವುದಿಲ್ಲ.

ಮೊದಲ ಮತದ ನಂತರ ಬಿಟ್ಟುಬಿಡಿ. ಎರಡನೇ ಬೆಂಚಿನಿಂದ ಕೇಳಿಬರುವುದು ಹೀಗೆ: ‘ಬ್ಯಾಟರಿ ಅದೇ ಅಲ್ವೇನೋ, ಕರೆಂಟ್ ಎಲ್ಲಿಂದ ಜಾಸ್ತಿ ಬರುತ್ತೆ?’ ‘ಬಲ್ಬ್ ಮೂರಿದ್ದದ್ದು ಎರಡಾಯ್ತಲ್ಲೇ, ರೋಧ ಕಮ್ಮಿ ಆಗ್ಲಿಲ್ವಾ?’ ‘ಸ್ವಿಚ್ ಹಾಕಿದ್ರೂ ಸಿ ಅಲ್ಲೇ ಇದೆಯಲ್ಲ!’ ಆ ಕೊನೆಯ ಮಾತಿಗೆ ತಲೆ ಆಡಿಸಬೇಡಿ, ಅಲ್ಲಾಡಿಸಲೂಬೇಡಿ. ‘ಅರ್ಥ ಆಯ್ತಾ?’ ಎಂದಾಗ ಒಕ್ಕೊರಲಿನಿಂದ ‘ಆಯ್ತು ಸಾರ್’ ಎನ್ನುವ ತರಗತಿಯಲ್ಲಿ ಇಂಥ ಜಗಳ ಕೇಳಿಸುವುದೇ ಅಪರೂಪ.

ಎರಡನೇ ಮತ ಆದ ಮೇಲೆ ಪ್ರಯೋಗ. ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಯೋಜನೆಯಲ್ಲಿ ಮಂಡಲ ಕಟ್ಟುವ ಉಚಿತ ಸಿಮ್ಯುಲೇಶನ್ ಇದೆ. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಯೋಜನೆ ಅದು. ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಶಾಲೆಯಲ್ಲಿ ಇಂಟರ್ನೆಟ್ ಬೇಕಿಲ್ಲ. ಬಲ್ಬು, ತಂತಿ, ಸ್ವಿಚ್ಚನ್ನು ಎಳೆದು ಜೋಡಿಸುವ ಕೆಲಸ ಒಬ್ಬ ವಿದ್ಯಾರ್ಥಿನಿಗೆ ಕೊಡಿ. ಎಲೆಕ್ಟ್ರಾನ್‌ಗಳು ತಂತಿಯೊಳಗೆ ಓಡುವುದು ಕಾಣುತ್ತದೆ. ಸ್ವಿಚ್ ಹಾಕಿದಾಗ ಅವು ಸಿಯನ್ನು ಬಿಟ್ಟು ಪಕ್ಕಕ್ಕೆ ತಿರುಗಿ ಜೋರಾಗಿ ಓಡುತ್ತವೆ. ನಿಜವಾದ ಬಲ್ಬಿನಲ್ಲಿ ಇದು ಕಾಣುವುದಿಲ್ಲ. ನೋವಾ ಫಿಂಕಲ್‌ಸ್ಟೀನ್ ಮತ್ತಿತರರ 2005ರ ಅಧ್ಯಯನದಲ್ಲಿ ಇದೇ ಸಿಮ್ಯುಲೇಶನ್‌ನಲ್ಲಿ ಕಲಿತವರು, ನಿಜವಾದ ಉಪಕರಣ ಹಿಡಿದು ಕಲಿತವರಿಗಿಂತ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲಷ್ಟೇ ಅಲ್ಲ, ಆಮೇಲೆ ನಿಜವಾದ ಮಂಡಲ ಕಟ್ಟುವುದರಲ್ಲೂ ಮುಂದಿದ್ದರು. ಆದರೂ ನಾನು ಮೂರು ಟಾರ್ಚ್ ಬಲ್ಬು, ಸೆಲ್ಲು, ಒಂದು ತುಂಡು ತಂತಿ ಮೇಜಿನ ಮೇಲೆ ಇಟ್ಟುಕೊಳ್ಳುವ ಪಕ್ಷ. ಪರದೆಯಲ್ಲಿ ಏನು ಬೇಕಾದರೂ ತೋರಿಸಬಹುದು ಎಂಬ ಅನುಮಾನ ಹಳ್ಳಿಯ ಮಕ್ಕಳಿಗೆ ಇದ್ದೇ ಇರುತ್ತದೆ. ಅದು ಆರೋಗ್ಯಕರ ಅನುಮಾನ. ಕರೆಂಟ್ ಹೋದರೂ ಸೆಲ್ಲು ಇರುತ್ತದೆ.

ಸ್ಲೈಡ್ ಮಾಡುವಾಗ ಒಂದು ಎಚ್ಚರ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪಿಪಿಟಿ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಒಂದಕ್ಷರವೂ ಓದಲು ಬಾರದು. ‘ವಿಭವಾಂತರ’ ಇದ್ದ ಕಡೆ ಏನೇನೋ ಚಿಹ್ನೆಗಳು. ಯೂನಿಕೋಡ್‌ನಲ್ಲೇ ಬರೆಯಿರಿ, ಜೊತೆಗೆ ಪಿಡಿಎಫ್ ಪ್ರತಿಯೊಂದನ್ನು ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರ ಮೊದಲ ಮತದ ಫಲಿತಾಂಶದ ಬಗ್ಗೆ. ಎಲ್ಲ ಆ್ಯಪ್‌ಗಳೂ ಮತ ಬಿದ್ದ ಕೂಡಲೇ ಬಣ್ಣಬಣ್ಣದ ಕಂಬಗಳನ್ನು ತೋರಿಸಲು ತುದಿಗಾಲಲ್ಲಿ ನಿಂತಿರುತ್ತವೆ. ವಿಸ್ಕಾನ್ಸಿನ್‌ನಲ್ಲಿ ಜೀವಶಾಸ್ತ್ರ ತರಗತಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಚರ್ಚೆಗೆ ಮುಂಚೆ ಆ ಕಂಬಗಳನ್ನು ಕಂಡ ವಿದ್ಯಾರ್ಥಿಗಳು ಬಹುಮತದ ಉತ್ತರದ ಕಡೆಗೆ ವಾಲುವುದು ಹೆಚ್ಚು. ಯಾವುದು ಎತ್ತರದ ಕಂಬವೋ ಅದೇ ಸರಿ ಎಂದು ತೀರ್ಮಾನವಾದ ಮೇಲೆ ಪಕ್ಕದವನ ಜೊತೆ ವಾದ ಮಾಡುವವರು ಯಾರು? ಎಣಿಕೆ ನಿಮ್ಮ ಫೋನಿನಲ್ಲೇ ಇರಲಿ. ಸ್ಲೈಡ್ ಓಡುತ್ತಿರುವಾಗ ಪವರ್‌ಪಾಯಿಂಟ್ ಆಗಲಿ ಲಿಬ್ರೆ ಆಫೀಸ್ ಆಗಲಿ, ಕೀಲಿಮಣೆಯ ಬಿ ಅಕ್ಷರ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಸ್ಲೈಡ್ ಬರುತ್ತದೆ. ಪ್ರಶ್ನೆಯ ಚಿತ್ರವನ್ನು ಬೋರ್ಡಿನ ಮೇಲೂ ಬರೆದಿಟ್ಟಿದ್ದರೆ, ಚರ್ಚೆಯ ಆ ಮೂರು ನಾಲ್ಕು ನಿಮಿಷ ಪರದೆ ಕಪ್ಪಾಗಿಯೇ ಇದ್ದರೂ ನಡೆಯುತ್ತದೆ.